ಮೂರಡಿಯ ಕಟ್ಟೆ

ನಾನು ಜೀವಮಾನದಲ್ಲಿ ಮೀನು ತಿಂದವನಲ್ಲ. ಹೆಮ್ಮೆಗಾಗಿ ಹೇಳುತ್ತಿಲ್ಲ, ಮುಂದಿನ ಸಂಗತಿ ಅರ್ಥವಾಗಲು ಇದು ಗೊತ್ತಿರಬೇಕು. ಉಡುಪಿ ಪೇಟೆಯ ನಮ್ಮ ಮನೆಯೊಳಗೆ ಮೀನು ಬಂದದ್ದಿಲ್ಲ; ಮೀನಿನ ಸುದ್ದಿ ಬಂದರೂ ಅಮ್ಮ ಮಾತು ಬದಲಾಯಿಸುತ್ತಿದ್ದಳು. ಇಂಥ ನನ್ನನ್ನು, ನಿವೃತ್ತಿಗೆ ಎರಡು ವರ್ಷವಿರುವಾಗ, ಕಾಪುವಿನ ಕಡೆಯ ಒಂದು ಮೀನು ಮಾರುಕಟ್ಟೆಯ ಹೊಸ ಕಟ್ಟಡಕ್ಕೆ ಸಹಾಯಕ ಇಂಜಿನಿಯರನನ್ನಾಗಿ ಹಾಕಿದರು. ಯಾವ ಇಲಾಖೆ ಎಂದು ಹೇಳುವುದಿಲ್ಲ. ಪಿಂಚಣಿ ಅಲ್ಲಿಂದಲೇ ಬರಬೇಕು.

ಆ ವರ್ಷ ನಮ್ಮ ಕಚೇರಿಗೆ ಹೊಸ ದೀಕ್ಷೆಯಾಗಿತ್ತು. ಇನ್ನು ಮುಂದೆ ದೊಡ್ಡ ಕಾಮಗಾರಿಗಳ ಟೆಂಡರನ್ನು ಕಾಗದದ ನಕ್ಷೆಯ ಮೇಲೆ ಕರೆಯುವಂತಿಲ್ಲ, ಡಿಜಿಟಲ್ ಮಾದರಿಯ ಮೇಲೆ ಕರೆಯಬೇಕು ಎಂದು ಸುತ್ತೋಲೆ ಬಂತು. ನಕ್ಷೆಯೆಂದರೆ ಬರೇ ಗೆರೆ. ಮಾದರಿಯೆಂದರೆ ಕಂಪ್ಯೂಟರಿನೊಳಗೆ ಆಗಲೇ ಕಟ್ಟಿ ಮುಗಿಸಿದ ಕಟ್ಟಡ. ಅದರ ಗೋಡೆಗೆ ತನ್ನ ದಪ್ಪ ಗೊತ್ತು, ಬಾಗಿಲಿಗೆ ತಾನು ಯಾವ ಕಡೆಗೆ ತೆರೆಯಬೇಕೆಂಬುದು ಗೊತ್ತು, ಎಷ್ಟು ಮೂಟೆ ಸಿಮೆಂಟು ಬೇಕೆಂಬುದನ್ನೂ ಅದೇ ಹೇಳುತ್ತದೆ. ಟೆಂಡರು ಹಾಕುವವರೆಲ್ಲ ಅದೊಂದನ್ನೇ ನೋಡಿ ದರ ಬರೆಯಬೇಕು. ಗೆದ್ದವನು ಅದರಂತೆಯೇ ಕಟ್ಟಬೇಕು. ಮಾದರಿಗೂ ಬೇರೆ ಯಾವುದೇ ಸೂಚನೆಗೂ ವ್ಯತ್ಯಾಸ ಬಂದರೆ ಮಾದರಿಯೇ ಅಂತಿಮ ಎಂದು ಕರಾರಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಇಷ್ಟು ಸ್ಪಷ್ಟವಾದ ಮಾತು ನಮ್ಮ ಇಲಾಖೆಯ ಕಾಗದದಲ್ಲಿ ಅದಕ್ಕಿಂತ ಮೊದಲು ನಾನು ಓದಿರಲಿಲ್ಲ.

ಯೋಚನೆ ಕೆಟ್ಟದ್ದೇನಲ್ಲ. ಎಷ್ಟೋ ಕಡೆ ತೊಲೆ ಎರಕ ಹೊಯ್ದ ಮೇಲೆ ಅದರ ನಟ್ಟನಡುವೆ ಪೈಪು ಹೋಗಬೇಕೆಂದು ಗೊತ್ತಾಗಿ, ಮೇಸ್ತ್ರಿ ಉಳಿ ಹಿಡಿದು ಕೊರೆಯುವುದನ್ನು ನಾನು ಹಲ್ಲುಕಚ್ಚಿ ನೋಡಿದ್ದೇನೆ. ಮಾದರಿಯಲ್ಲಿ ಹಾಗಾಗುವುದಿಲ್ಲ. ಯಾವುದಕ್ಕೆ ಯಾವುದು ಡಿಕ್ಕಿ ಹೊಡೆಯುತ್ತದೆ ಎಂದು ಯಂತ್ರವೇ ಹುಡುಕಿ ಕೆಂಪು ಬಣ್ಣ ಹಚ್ಚುತ್ತದೆ. ನಮ್ಮ ಮೀನು ಮಾರುಕಟ್ಟೆಯ ಮಾದರಿಯಲ್ಲಿ ಡಿಕ್ಕಿಗಳು ಸೊನ್ನೆ ಎಂದು ವರದಿ ಬಂದಾಗ ಕಚೇರಿಯಲ್ಲಿ ಎಲ್ಲರಿಗೂ ಒಂದೊಂದು ಬನ್ಸ್ ತರಿಸಿದ್ದರು.

ನನ್ನನ್ನು ಮಾದರಿ ಪರಿಶೀಲನಾಧಿಕಾರಿ ಎಂದು ನೇಮಿಸಿ ಆದೇಶವಾಯಿತು. ಆದೇಶ ಬಂತು, ಮಾದರಿಯೂ ಬಂತು. ಅದನ್ನು ತೆರೆಯುವ ಶಕ್ತಿ ನಮ್ಮ ಕಚೇರಿಯ ಕಂಪ್ಯೂಟರಿಗೆ ಇರಲಿಲ್ಲ. ಅರ್ಧ ಗಂಟೆ ತಿರುಗುವ ಚಕ್ರವೊಂದನ್ನು ಭಕ್ತಿಯಿಂದ ನೋಡಿದ ಬಳಿಕ, ಮಾದರಿ ಮಾಡಿದ ಮಣಿಪಾಲದ ಸಲಹೆಗಾರರ ಕಚೇರಿಗೇ ಹೋಗುವುದೆಂದು ತೀರ್ಮಾನವಾಯಿತು. ಪರಿಶೀಲನಾ ಸಮಿತಿಯ ಏಳು ಜನ ಎರಡು ಜೀಪಿನಲ್ಲಿ ಹೋದೆವು. ತಣ್ಣಗಿನ ಕೋಣೆ, ಗೋಡೆಯಷ್ಟು ದೊಡ್ಡ ಪರದೆ. ಮಾದರಿ ಮಾಡಿದ ಇಂಜಿನಿಯರ್ ಹುಡುಗಿ ನಮ್ಮನ್ನು ಕಟ್ಟಡದೊಳಗೆ ನಡೆಸಿಕೊಂಡು ಹೋದಳು. ನಾವು ಕುರ್ಚಿಯಲ್ಲೇ ಕುಳಿತಿದ್ದೆವು, ನಡೆದದ್ದು ಪರದೆ. ಬಾಗಿಲು, ಚರಂಡಿ, ಐಸಿನ ಕೋಣೆ, ಸಾಲಾಗಿ ಹನ್ನೆರಡು ಕಟ್ಟೆ. ಕಟ್ಟೆಗಳ ಹಿಂದೆ ಬೂದು ಬಣ್ಣದ ಹೆಂಗಸರು ನಿಂತಿದ್ದರು. ಅವರಿಗೆ ಮುಖವಿರಲಿಲ್ಲ. ಒಬ್ಬಳ ಹೆಗಲಲ್ಲಿ ವ್ಯಾನಿಟಿ ಬ್ಯಾಗಿತ್ತು. ಮೀನು ಮಾರುಕಟ್ಟೆಯಲ್ಲಿ ಮೀನೊಂದು ಮಾತ್ರ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ಏಳು ಜನರಲ್ಲಿ ನಾನೂ ಸೇರಿ ನಾಲ್ವರು ಮೀನು ತಿನ್ನದವರು. ಉಳಿದ ಮೂವರಿಗೆ ಮೀನು ಸ್ಕೂಟರಿನಲ್ಲಿ ಮನೆಬಾಗಿಲಿಗೆ ಬರುತ್ತಿತ್ತು. ಕಟ್ಟೆಯ ಎತ್ತರ ತೊಂಬತ್ತು ಸೆಂಟಿಮೀಟರ್, ಅಂದರೆ ಮೂರಡಿ. ನನ್ನ ಮನೆಯ ಅಡುಗೆಕಟ್ಟೆಯೂ ಅಷ್ಟೇ ಇದೆ. ಒಳ್ಳೆಯದಾಗಿದೆ ಎಂದುಕೊಂಡೆ. ಚಹಾ ಬಂತು. ಸಹಿ ಹಾಕಿದೆ.

ಮೊದಲಾದರೆ ಹೀಗೆ ಮಾಡುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನನ್ನ ಮೇಲಿನ ಇಂಜಿನಿಯರ್ ಒಂದು ಪದ್ಧತಿ ಕಲಿಸಿದ್ದರು. ಪಾಯ ತೋಡುವ ಮೊದಲು ಜಾಗದಲ್ಲಿ ಸುಣ್ಣದ ಪುಡಿಯಿಂದ ಇಡೀ ಕಟ್ಟಡದ ಗೆರೆ ಎಳೆಯಬೇಕು, ನಿಜವಾದ ಅಳತೆಗೆ. ಮತ್ತೆ ಅದನ್ನು ಬಳಸುವವರನ್ನು ಕರೆದು ಗೆರೆಯೊಳಗೆ ಬಿಡಬೇಕು. ಬೆಳ್ಮಣ್ ಕಡೆಯ ಒಂದು ಶಾಲೆಯಲ್ಲಿ ಅಡುಗೆಯವಳು ಸುಣ್ಣದ ಗೆರೆಯ ನಡುವೆ ನಿಂತು, ಇಲ್ಲದ ಸೌಟನ್ನು ತಿರುಗಿಸಿ, ಮೊಣಕೈ ಗೋಡೆಗೆ ತಾಗುತ್ತದೆ ಎಂದಿದ್ದಳು. ಗೋಡೆಯನ್ನು ಕಾಲಿನಿಂದ ಅಳಿಸಿ ಒಂದಡಿ ಆಚೆಗೆ ಎಳೆದೆವು. ಈ ಸಲ ಸುಣ್ಣದ ಮಾತೆತ್ತಿದ್ದಕ್ಕೆ ಮೇಲಧಿಕಾರಿಗಳು, “ಪರದೆಯಲ್ಲಿ ವಾಕ್‌ಥ್ರೂ ಆಗಿದೆಯಲ್ಲ ಮಾರಾಯ್ರೆ, ಇನ್ನೆಂತ ಸುಣ್ಣ?” ಎಂದು ನಕ್ಕರು. ನಾನೂ ನಕ್ಕೆ. ಆ ನಗುವಿಗಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಟ್ಟಡ ಎದ್ದಿತು. ಕಾರ್ಕಳದ ಗುತ್ತಿಗೆದಾರರು, ಕೆಲಸ ಅಚ್ಚುಕಟ್ಟು. ಕಟ್ಟೆಗಳ ಮೇಲೆ ಅವರ ಊರಿನದ್ದೇ ಕರಿಕಲ್ಲಿನ ಹಾಸು. ನಾನು ವಾರಕ್ಕೊಮ್ಮೆ ಹೋಗಿ ತೂಗುಗುಂಡು ಹಿಡಿದು ಕಂಬದ ನೇರ ನೋಡಿ, ಕಾಂಕ್ರೀಟಿಗೆ ನೀರು ಹಾಕಿದ್ದಾರಾ ಎಂದು ಬೆರಳಿನಿಂದ ಮುಟ್ಟಿ ಬರುತ್ತಿದ್ದೆ. ಹಳೇ ಮಾರುಕಟ್ಟೆಯನ್ನು ಒಡೆದದ್ದರಿಂದ ಮಾರುವ ಹೆಂಗಸರೆಲ್ಲ ರಸ್ತೆ ಬದಿಯಲ್ಲಿ ಟರ್ಪಾಲಿನಡಿ ಕೂರುತ್ತಿದ್ದರು. ನಾನು ಜೀಪಿಳಿದು ಮೂಗಿಗೆ ಕರವಸ್ತ್ರ ಹಿಡಿದು ಅವರನ್ನು ದಾಟಿ ಹೋಗುತ್ತಿದ್ದೆ. ಹೀಗೆ ಹತ್ತು ತಿಂಗಳು.

ಉದ್ಘಾಟನೆಗೆ ಆರು ವಾರ ಇರುವಾಗ ಅವರಲ್ಲಿ ಎಲ್ಲರಿಗಿಂತ ಹಿರಿಯಳು ಕೋಲೂರಿಕೊಂಡು ಒಳಗೆ ಬಂದಳು. ಮದುವೆಯಾಗಿ ಬಂದ ವರ್ಷದಿಂದ ಅದೇ ಊರಿನಲ್ಲಿ ಮೀನು ಮಾರಿದವಳು. ಕಟ್ಟೆಯ ಅಂಚು ಬೆನ್ನು ಬಾಗಿದ ಅವಳ ಎದೆಯ ಹತ್ತಿರಕ್ಕೆ ಬರುತ್ತಿತ್ತು. ಕರಿಕಲ್ಲನ್ನು ಕೈಯಿಂದ ಸವರಿದಳು.

“ಇದೆಂತ ಇಂಜಿನಿಯರ್ರೇ, ಬ್ಯಾಂಕಾ?”

“ಮೀನಿನ ಕಟ್ಟೆ,” ಎಂದೆ.

“ಕೂತುಕೊಳ್ಳುವುದು ಎಲ್ಲಿ?”

“ಕೂತುಕೊಳ್ಳಲಿಕ್ಕಿಲ್ಲ. ನಿಂತು ಮಾರುವುದು. ಸ್ವಚ್ಛ ಇರ್ತದೆ.”

“ನಿಮ್ಮ ಮನೆಯಲ್ಲಿ ನಿಂತು ಮೀನು ಕತ್ತರಿಸ್ತಾರಾ?”

“ನಮ್ಮ ಮನೆಯಲ್ಲಿ ಮೀನಿಲ್ಲ.”

“ಹಾಗೆ ಹೇಳಿ,” ಎಂದಳು. “ನಾನು ತಲೆ ಸರಿ ಇಲ್ಲದವರು ಮಾಡಿದ್ದು ಅಂತ ಗ್ರಹಿಸಿದ್ದೆ.”

ಮತ್ತೆ ಅವಳು ನನಗೆ ಪಾಠ ಮಾಡಿದಳು. ಹೆಂಗಸು ಒಂದಡಿ ಎತ್ತರದ ಕಟ್ಟೆಯ ಮೇಲೆ ಕೂರಬೇಕು. ಒಂದು ಕಾಲು ಮಡಿಚಿ, ಇನ್ನೊಂದರಲ್ಲಿ ಮೆಟ್ಟುಕತ್ತಿಯ ಹಲಗೆಯನ್ನು ಒತ್ತಿ ಹಿಡಿಯಬೇಕು. ಕತ್ತಿ ಅಲುಗುವುದಿಲ್ಲ, ಮೀನನ್ನು ಎರಡೂ ಕೈಯಲ್ಲಿ ಹಿಡಿದು ಕತ್ತಿಗೆ ಕೊಡುವುದು. ಬುಟ್ಟಿ ಮಗ್ಗುಲಲ್ಲಿ. ಗಿರಾಕಿ ಎದುರು ನಿಂತು ಬಗ್ಗಿ ಕಿವಿರು ಎತ್ತಿ ನೋಡಬೇಕು. ನಿಂತರೆ ಕತ್ತಿಯನ್ನು ಮೆಟ್ಟುವುದು ಹೇಗೆ? ಹಿಂದೆ ಸ್ಟೂಲು ಹಾಕಿ ಕೂತರೆ ಗಿರಾಕಿಗೆ ಕಾಣುವುದು ಯಾರು? ಕಟ್ಟೆಯ ಮೇಲೆಯೇ ಹತ್ತಿ ಕೂರೋಣವೆಂದರೆ, ಅವಳು ಹಿಂದೊಮ್ಮೆ ಹಳೇ ಮಾರುಕಟ್ಟೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟಕ್ಕೆ ರಾಡು ಹಾಕಿಸಿಕೊಂಡವಳು.

“ಕೂತರೆ ಇಡೀ ದಿನ ಕೂತೇನು. ನಿಂತರೆ ಹತ್ತು ನಿಮಿಷ. ಅಲ್ಲಿ ಗೋಡೆಯಲ್ಲಿ ಎಂತ ಬರೆದಿದ್ದಾರೆ ಓದಿ ನೋಡುವ.”

ಓದಿದೆ. ಮಾರುಕಟ್ಟೆ ತೆರೆದ ಮೇಲೆ ರಸ್ತೆ ಬದಿಯಲ್ಲಿ ಮಾರುವಂತಿಲ್ಲ. ಹಂಚಿಕೆಯಾದ ಕಟ್ಟೆಯನ್ನು ಸತತ ಒಂದು ತಿಂಗಳು ಬಳಸದಿದ್ದರೆ ಅದು ಕಾದಿರುವವರ ಪಟ್ಟಿಯಲ್ಲಿ ಮುಂದಿನವರಿಗೆ.

“ನಾನು ನಾಲ್ಕನೆಯ ಕಟ್ಟೆ,” ಎಂದಳು. “ಪಟ್ಟಿಯಲ್ಲಿ ಹತ್ತು ಜನ ಕಾಯ್ತಾ ಇದ್ದಾರೆ. ನನ್ನ ಸೊಂಟವನ್ನೇ ನೋಡಿಕೊಂಡು ಕಾಯ್ತಾ ಇದ್ದಾರೆ.”

ಗುತ್ತಿಗೆದಾರರನ್ನು ಕರೆದೆ. ಕಟ್ಟೆಗಳನ್ನು ಒಂದಡಿಗೆ ಇಳಿಸಲು ಎಷ್ಟು ದಿನ ಬೇಕು?

“ಒಂದೊಂದಕ್ಕೆ ಅರ್ಧ ದಿನ ಸಾಕು ಸರ್. ಕಲ್ಲು ಎಬ್ಬಿಸಿ, ಕೆಳಗೆ ಒಡೆದು, ಪುನಃ ಅದೇ ಕಲ್ಲು ಕೂರಿಸುವುದು. ಆದರೆ ನಾನು ಮುಟ್ಟಲಿಕ್ಕಿಲ್ಲ.”

“ಯಾಕೆ?”

“ಮಾದರಿಯಲ್ಲಿ ಇಳಿಯದೆ ನಾನು ಇಲ್ಲಿ ಇಳಿಸಿದರೆ ಸತ್ತೆ. ಕೊನೆಗೆ ಲೇಸರ್ ತಂದು ಅಳೀತಾರೆ. ಮಾದರಿಗಿಂತ ಬೇರೆ ಇದ್ದಲ್ಲೆಲ್ಲ ಕೆಂಪು. ನೀವು ಬಾಯಲ್ಲಿ ಹೇಳಿದ್ದು ಲೇಸರಿಗೆ ಕೇಳ್ತದಾ?”

ಮಣಿಪಾಲಕ್ಕೆ ಹೋದೆ. ಹುಡುಗಿ ಮಾದರಿಯನ್ನು ತೆರೆದು, ಕಟ್ಟೆಯ ಮೇಲೆ ಬಾಣದ ಗುರುತಿಟ್ಟು ಕೆಳಕ್ಕೆ ಎಳೆದಳು. ಹನ್ನೆರಡು ಕಟ್ಟೆಗಳೂ ಸದ್ದಿಲ್ಲದೆ ಇಳಿದವು. ಚರಂಡಿಯೂ ತಾನಾಗಿ ಸರಿಯಿತು, ಕಲ್ಲಿನ ಲೆಕ್ಕವೂ ಬದಲಾಯಿತು. ಎರಡು ನಿಮಿಷದ ಕೆಲಸ. ನನಗೆ ಆ ಯಂತ್ರದ ಮೇಲೆ ಮೊದಲ ಬಾರಿ ಗೌರವ ಹುಟ್ಟಿತು.

“ಆಯಿತಲ್ಲ,” ಎಂದೆ.

“ಆಗಿಲ್ಲ ಸರ್. ಸೇವ್ ಆಗುವುದಿಲ್ಲ. ಟೆಂಡರು ಒಪ್ಪಿದ ಮೇಲೆ ಫೈಲಿಗೆ ಬೀಗ ಬೀಳ್ತದೆ. ನಿಮ್ಮ ಕಚೇರಿಯಿಂದಲೇ ತೆಗೆಯಬೇಕು.” ಪರದೆಯಿಂದ ನನ್ನ ಕಡೆಗೆ ತಿರುಗಿ ಕೇಳಿದಳು: “ಒಂದಡಿ ಅಂತ ಯಾರು ಹೇಳಿದ್ದು? ನೀವು ಅಳೆದಿದ್ದೀರಾ?”

ಅಳೆದಿರಲಿಲ್ಲ. ಅವಳು ಅಲೆವೂರಿನವಳು, ಮೀನು ತಿನ್ನುವವಳು. ಆದರೆ ಅವಳ ಮನೆಗೆ ಬರುವುದು ಕತ್ತರಿಸಿದ ಮೀನು. ಮಾದರಿಯ ಕಟ್ಟೆಯನ್ನು ತಾನು ತಂತ್ರಾಂಶದ ಭಂಡಾರದಿಂದ, ಅಂಗಡಿಯ ಕೌಂಟರ್ ಎಂಬ ಹೆಸರಿನಡಿಯಲ್ಲಿ, ಸಿದ್ಧವಿದ್ದುದನ್ನೇ ಎತ್ತಿಟ್ಟೆ ಎಂದು ಅವಳಾಗಿಯೇ ಹೇಳಿದಳು. ಇಡೀ ಪ್ರಕರಣದಲ್ಲಿ ತನ್ನ ತಪ್ಪನ್ನು ಯಾರೂ ಕೇಳದೆ ಹೇಳಿದವಳು ಅವಳೊಬ್ಬಳೇ, ಮತ್ತು ಅವಳೇ ಎಲ್ಲರಿಗಿಂತ ಕಿರಿಯಳು.

ಮರುದಿನ ಬೆಳಿಗ್ಗೆ ಅವಳ ಸ್ಕೂಟರಿನ ಹಿಂದೆ ನನ್ನ ಜೀಪು ಕಾಪುವಿನ ಕಡೆಗೆ ಹೋಯಿತು. ಟರ್ಪಾಲಿನಡಿ ಹಿರಿಯಳ ಎದುರು ಅವಳು ಮಂಡಿಯೂರಿ ಟೇಪು ಬಿಚ್ಚಿದಳು. ಮೊಣಕಾಲಿನಿಂದ ಕತ್ತಿಗೆ, ಕತ್ತಿಯಿಂದ ಬುಟ್ಟಿಗೆ, ನೆಲದಿಂದ ಕೂತಲ್ಲಿಗೆ.

“ಎಂತ ಮಗಾ, ರವಿಕೆ ಹೊಲಿಸಲಿಕ್ಕಾ?” ಎಂದಳು ಹಿರಿಯಳು. ಸಾಲಿನವರೆಲ್ಲ ನಕ್ಕರು. ಶಿರ್ವದಿಂದ ಕಾರಿನಲ್ಲಿ ಬಂದಿದ್ದ ಗಿರಾಕಿಯೊಬ್ಬಳು, ಇದೇನು ಸರಕಾರದವರು ಹೆಂಗಸಿನ ಅಳತೆ ತೆಗೆಯುತ್ತಿದ್ದಾರೆ ಎಂದು ಫೋಟೋ ಹೊಡೆದಳು. ನಾನು ಕರವಸ್ತ್ರವನ್ನು ಜೇಬಿಗೆ ಹಾಕಿ ಅಳತೆಗಳನ್ನು ಬರೆದುಕೊಂಡೆ. ಮೂವತ್ತು ಸೆಂಟಿಮೀಟರ್. ಹೆಂಗಸು ಹೇಳಿದ್ದು ಸರಿಯಾಗಿತ್ತು.

ಈಗ ಬೀಗದ ವಿಷಯ. ಉಡುಪಿಯ ನಮ್ಮ ಕಚೇರಿಗೆ ಟಿಪ್ಪಣಿ ಬರೆದೆ. ಟಿಪ್ಪಣಿ ಸಲಹೆಗಾರರಿಗೆ ಹೋಯಿತು. ಸಲಹೆಗಾರರು, ಇದು ನಮ್ಮ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ, ಕಚೇರಿಯು ಲಿಖಿತ ಕೋರಿಕೆ ಕಳುಹಿಸಲಿ ಎಂದು ಬರೆದರು. ಕಚೇರಿಯು, ಕೋರಿಕೆ ಕಳುಹಿಸಬೇಕಾದರೆ ಮಾದರಿಯಲ್ಲಿ ದೋಷವಿದೆಯೆಂದು ಪರಿಶೀಲನಾಧಿಕಾರಿ ಹೇಳಬೇಕು ಎಂದಿತು. ಪರಿಶೀಲನಾಧಿಕಾರಿಯೋ, ಮಾದರಿಯಲ್ಲಿ ದೋಷವಿಲ್ಲವೆಂದು ಆಗಲೇ ಸಹಿ ಹಾಕಿದ್ದ. ಅವನೊಡನೆ ಮಾತಾಡಿ ನೋಡೋಣವೆಂದರೆ ಅವನು ನಾನೇ. ಕಾಗದ ಹೀಗೆ ಗೌರವದಿಂದ ಪ್ರದಕ್ಷಿಣೆ ಬರುತ್ತಿರುವಾಗಲೇ ಉದ್ಘಾಟನೆಯ ದಿನ ಬಂತು. ರಿಬ್ಬನ್ ಕತ್ತರಿಸಿದರು, ಮಾದರಿಯ ಚಿತ್ರವನ್ನು ದೊಡ್ಡ ಫ್ಲೆಕ್ಸಿನಲ್ಲಿ ಹಾಕಿದರು. ಡಿಜಿಟಲ್ ಮಾದರಿಯಿಂದ ಕಟ್ಟಿದ ನಮ್ಮ ಕಚೇರಿಯ ಮೊದಲ ಕಟ್ಟಡವೆಂದು ಭಾಷಣದಲ್ಲಿ ಹೊಗಳಿದರು. ಟರ್ಪಾಲು ಕಿತ್ತರು.

ಕಿರಿಯ ಹೆಂಗಸರಲ್ಲಿ ಹೆಚ್ಚಿನವರು ಮೀನಿನ ಕ್ರೇಟುಗಳನ್ನು ಮೆಟ್ಟಿಲು ಮಾಡಿ ಕಟ್ಟೆಯ ಮೇಲೆ ಹತ್ತಿ ಕುಳಿತರು. ಗಿರಾಕಿಗಳು ಅವರನ್ನು ತಲೆಯೆತ್ತಿ ನೋಡಿ ಚೌಕಾಸಿ ಮಾಡಬೇಕಾಯಿತು. ಮೀನಿನ ನೀರು ಕೆಲವರ ಅಂಗಿಯ ಮೇಲೆ ಇಳಿಯಿತು. ನಾಲ್ಕನೆಯ ಕಟ್ಟೆ ಖಾಲಿ. ಹಿರಿಯಳು ಹೊರಗಿನ ಮೆಟ್ಟಿಲಿನ ಮೇಲೆ, ಯಾರೋ ಬಂದು ಎಬ್ಬಿಸುವವರೆಗೆ, ಒಂದು ಬುಟ್ಟಿ ಬೂತಾಯಿ ಮೀನು ಇಟ್ಟುಕೊಂಡು ಕೂರುತ್ತಿದ್ದಳು. ನಾನು ಕಂಡರೆ ಬೆರಳು ಮಡಚಿ ತೋರಿಸುತ್ತಿದ್ದಳು. ಐದು ದಿನ. ಹನ್ನೊಂದು ದಿನ. ಹತ್ತೊಂಬತ್ತಾಯಿತು ಇಂಜಿನಿಯರ್ರೇ, ನಿಮ್ಮ ಕಂಪ್ಯೂಟರಿಗೆ ಜ್ವರ ಬಿಟ್ಟಿತಾ?

ಇಪ್ಪತ್ತೆರಡನೆಯ ದಿನ ನಾನು ಮೇಲಧಿಕಾರಿಗಳ ಕೋಣೆಗೆ ಕೇಳದೆಯೇ ಹೋಗಿ ಕುಳಿತೆ. ಮೂವತ್ತೈದು ವರ್ಷದ ಸೇವೆಯಲ್ಲಿ ಹಾಗೆ ಕೂತದ್ದು ಅದೊಂದೇ ಸಲ. ಅವರು ಒಳ್ಳೆಯವರೇ. ಬೀಗ ತೆಗೆಯುವ ಪುಟವನ್ನು ತಮ್ಮ ಕಂಪ್ಯೂಟರಿನಲ್ಲಿ ನನಗೇ ತೋರಿಸಿದರು. ಕಾರಣ ಹೇಳದೆ ತೆಗೆಯಲಾಗುವುದಿಲ್ಲ. ಕಾರಣವನ್ನು ನಾವು ಬರೆಯುವಂತೆಯೂ ಇಲ್ಲ, ಪಟ್ಟಿಯಿಂದ ಆರಿಸಬೇಕು. ಬಳಕೆದಾರರ ಹೊಸ ಬೇಡಿಕೆ ಎಂದರೆ ಬೆಂಗಳೂರಿನ ಒಪ್ಪಿಗೆ ಬೇಕು. ನಿವೇಶನದ ಸ್ಥಿತಿ ಎಂದರೆ ಮಣ್ಣಿನ ಪರೀಕ್ಷೆ ಬೇಕು. ಮೂರನೆಯದು, ಪರಿಶೀಲನೆಯ ಲೋಪ.

“ಮೂರನೆಯದಕ್ಕೆ ಎಂತ ಬೇಕು?”

“ನಿಮ್ಮ ಹೇಳಿಕೆ ಒಂದು ಸಾಕು. ಆದರೆ ಅದು ಬೇಡ ಮಾರಾಯ್ರೆ. ಹೇಳಿಕೆ ಕೊಟ್ಟ ಕೂಡಲೇ ನಿಮಗೆ ನೋಟೀಸು ತನ್ನಿಂದ ತಾನೇ ಹೋಗ್ತದೆ. ನಿವೃತ್ತಿಗೆ ಐದು ತಿಂಗಳಿರುವಾಗ ಯಾಕೆ ಮೈಮೇಲೆ ಎಳ್ಕೊಳ್ತೀರಿ? ಮಣ್ಣು ಪರೀಕ್ಷೆ ಮಾಡಿಸುವ.”

“ಕಟ್ಟೆಯ ಎತ್ತರಕ್ಕೆ ಮಣ್ಣು ಪರೀಕ್ಷೆಯಾ?”

“ಪಟ್ಟಿಯಲ್ಲಿ ಉಂಟಲ್ಲ.”

“ಸರ್, ಇನ್ನು ಎಂಟು ದಿನದಲ್ಲಿ ಆ ಹೆಂಗಸಿನ ಜಾಗ ಹೋಗ್ತದೆ. ಲೋಪ ನನ್ನದೇ ಅಲ್ವಾ?”

“ನಿಮ್ಮದೊಬ್ಬರದ್ದೇ ಅಲ್ಲ. ಏಳು ಜನ ನೋಡಿದ್ದು.”

“ಉಳಿದ ಆರು ಜನ ಹೇಳಿಕೆ ಕೊಡ್ತಾರಾ?”

ಅವರು ಫ್ಯಾನಿನ ಕಡೆಗೆ ನೋಡಿದರು. ನಾನು ಅವರ ಮೇಜಿನ ಮೇಲಿದ್ದ ಕಾಗದವನ್ನೇ ತೆಗೆದುಕೊಂಡು ಬರೆದೆ. ಮೀನು ಮಾರುವುದು ಹೇಗೆಂದು ತಿಳಿಯದೆ, ತಿಳಿದವರನ್ನು ಕೇಳದೆ, ಮಾದರಿ ಸರಿಯಿದೆಯೆಂದು ನಾನು ಪ್ರಮಾಣೀಕರಿಸಿದ್ದೇನೆ. ಪಶ್ಚಾತ್ತಾಪದಿಂದ ಬರೆದದ್ದಲ್ಲ. ಆ ಪುಟಕ್ಕೆ, ಆ ಪಟ್ಟಿಗೆ, ಒಂದು ಕಲ್ಲು ಎರಡಡಿ ಕೆಳಗಿಳಿಯಲು ಒಬ್ಬ ಮನುಷ್ಯ ಅಪರಾಧಿಯಾಗಲೇಬೇಕು ಎಂದು ಎಲ್ಲೋ ಕೂತು ಯೋಚಿಸಿದ ಬುದ್ಧಿಗೆ ಒಂದು ಬಾರಿಸಬೇಕೆನಿಸಿತ್ತು. ಬಾರಿಸಲು ಯಾರೂ ಸಿಗದ್ದರಿಂದ ಸಹಿ ಹಾಕಿದೆ. ಈ ಸಲದ ಸಹಿಗೆ ಚಹಾ ಬರಲಿಲ್ಲ.

ಬೀಗ ಆ ಸಂಜೆಯೇ ತೆರೆಯಿತು, ನೋಟೀಸು ಅದಕ್ಕಿಂತ ಅರ್ಧ ಗಂಟೆ ಮೊದಲು ಬಂತು. ಹುಡುಗಿ ಕಟ್ಟೆಗಳನ್ನು ಇಳಿಸಿ ಸೇವ್ ಮಾಡಿದಳು. ಪುನಃ ಬೀಗ ಬಿತ್ತು. ಹೊಸ ಫೈಲು ಎಲ್ಲ ಮೇಜು ದಾಟಿ ಕಾರ್ಕಳದ ಗುತ್ತಿಗೆದಾರರ ಕೈಸೇರಲು ನಾಲ್ಕು ದಿನ ಹಿಡಿಯಿತು. ಇಪ್ಪತ್ತೇಳನೆಯ ದಿನ ಬೆಳಿಗ್ಗೆ ಅವರು ಆಳುಗಳನ್ನೂ ಒಡೆಯುವ ಯಂತ್ರವನ್ನೂ ತಂದರು.

ನಾಲ್ಕನೆಯ ಕಟ್ಟೆಯನ್ನೇ ಮೊದಲು ಒಡೆದರು. ಮಧ್ಯಾಹ್ನಕ್ಕೆ ಕಲ್ಲು ಕೂತಿತು. ಗಾರೆ ಒಣಗಲು ಎರಡು ದಿನ ಬಿಡಬೇಕೆಂದು ಗುತ್ತಿಗೆದಾರರು ಹೇಳಿದರು. “ಎರಡು ದಿನದಲ್ಲಿ ನನ್ನ ತಿಂಗಳು ಮುಗೀತದೆ,” ಎಂದು ಹಿರಿಯಳು ಮಾರನೆಯ ದಿನವೇ ಬಂದಳು. ಪಕ್ಕದವಳ ಹೆಗಲು ಹಿಡಿದು ಕೂತು, ಕಾಲು ಮಡಿಚಿ, ಮೆಟ್ಟುಕತ್ತಿಯನ್ನು ಕಾಲಡಿ ಎಳೆದುಕೊಂಡಳು. ಮಾರುಕಟ್ಟೆಯ ಕಾವಲುಗಾರ ಪುಸ್ತಕ ತಂದಾಗ ಅದರಲ್ಲಿ ತನ್ನ ಕಟ್ಟೆಯ ಎದುರು ಗುರುತು ಬೀಳುವವರೆಗೆ ಅವನನ್ನು ಬಿಡಲಿಲ್ಲ. ನನಗೆ ಒಂದು ಕೃತಜ್ಞತೆಯ ಮಾತು ಬರಬಹುದೆಂದು ಕಾಯುತ್ತ ನಿಂತಿದ್ದೆ.

“ಬೆಳಕಿಗೆ ಅಡ್ಡ ನಿಲ್ಲಬೇಡಿ,” ಎಂದಳು. “ಮೀನು ಕಪ್ಪು ಕಾಣ್ತದೆ.”

ಆಳುಗಳು ಐದನೆಯ ಕಟ್ಟೆಗೆ ಹೋದರು. ಅದರ ಹೆಂಗಸು ಮೂವತ್ತರ ಆಸುಪಾಸಿನವಳು. ಕತ್ತರಿಸಲು ಹಲಗೆಯ ಮೇಲೆ ದೊಡ್ಡ ಚೂರಿ ಇಟ್ಟುಕೊಂಡವಳು. ಯಂತ್ರಕ್ಕೆ ಅಡ್ಡವಾಗಿ ನಿಂತಳು.

“ನನ್ನದನ್ನು ಮುಟ್ಟಬೇಡಿ. ನನಗೆ ಕೂತರೆ ಬೆನ್ನು ಹಿಡೀತದೆ, ನಿಂತೇ ಒಳ್ಳೆಯದಾಗಿದೆ. ಇಳಿಸಬೇಕಾ ಅಂತ ನನ್ನನ್ನು ಕೇಳಿದ್ದೀರಾ?”

ಒಂಬತ್ತನೆಯವಳೂ ಅಲ್ಲಿಂದಲೇ ಕೂಗಿದಳು, ತನ್ನದೂ ಬೇಡವೆಂದು. ನಾನು ಕೇಳಿರಲಿಲ್ಲ. ಒಬ್ಬಳ ಅಳತೆ ತೆಗೆದು ಹನ್ನೆರಡು ಜನರನ್ನು ಕೂರಿಸಹೊರಟಿದ್ದೆ, ಮೊದಲು ಯಾರ ಅಳತೆಯನ್ನೂ ತೆಗೆಯದೆ ಹನ್ನೆರಡು ಜನರನ್ನು ನಿಲ್ಲಿಸಿದ ಹಾಗೆಯೇ. ಗುತ್ತಿಗೆದಾರರು ಮಾದರಿಯನ್ನು ಫೋನಿನಲ್ಲಿ ಹಿಡಿದು ನನ್ನ ಮುಖ ನೋಡಿದರು. ಅದರಲ್ಲಿ ಹನ್ನೆರಡೂ ಒಂದಡಿ. ಬೀಗ ಬಿದ್ದಿತ್ತು. ನನ್ನ ಬಳಿ ಒಪ್ಪಿಕೊಳ್ಳಲು ಇನ್ನೊಂದು ಲೋಪವೇನೋ ಇತ್ತು, ಆದರೆ ಪುನಃ ಬೀಗ ತೆಗೆದು ಹೊಸ ಫೈಲು ಬರುವವರೆಗೆ ಕಾಯುವಷ್ಟು ದಿನಗಳು ಯಾರ ಬಳಿಯೂ ಇರಲಿಲ್ಲ.

“ಆ ಎರಡು ಹಾಗೆಯೇ ಇರಲಿ,” ಎಂದೆ.

“ಬರೆದು ಕೊಡ್ತೀರಾ ಸರ್?”

ಬರೆದುಕೊಟ್ಟೆ, ಅವರ ಸಿಮೆಂಟು ಮೂಟೆಯ ಮೇಲೆಯೇ ಕಾಗದವಿಟ್ಟು. ಲೇಸರಿನವರು ನಂತರ ಬಂದರು. ಹತ್ತು ಕಟ್ಟೆ ಹಸಿರು, ಎರಡು ಕೆಂಪು. ಆ ಎರಡರ ಹೆಸರಿನಲ್ಲಿ ನನಗೆ ಮತ್ತೊಂದು ನೋಟೀಸು ಬಂತು. ನಿವೃತ್ತಿಯ ದಿನ ಹೂಹಾರ ಹಾಕಿದರು, ಬಾಕಿ ಇರುವ ಎರಡು ವಿಚಾರಣೆಗಳ ಬಗ್ಗೆ ಭಾಷಣಗಳಲ್ಲಿ ಯಾರೂ ಹೇಳಲಿಲ್ಲ. ಈಗಲೂ ತಿಂಗಳಿಗೊಮ್ಮೆ ಉಡುಪಿಯ ಆ ಕಚೇರಿಗೆ ಹೋಗಿ ಬೆಂಚಿನಲ್ಲಿ ಕೂತು ಬರುತ್ತೇನೆ. ಕಳೆದ ವಾರ ಒಬ್ಬ ಹೊಸ ವಿಚಾರಣಾಧಿಕಾರಿ, ಐದು ಮತ್ತು ಒಂಬತ್ತನೆಯ ಕಟ್ಟೆಗಳನ್ನು ಇಳಿಸಿಬಿಟ್ಟರೆ ಪ್ರಕರಣ ಮುಗಿಯುತ್ತದಲ್ಲ ಎಂದು ಸಲಹೆ ಕೊಟ್ಟರು. ಆ ಹೆಂಗಸರನ್ನು ಕೇಳಿ ಬನ್ನಿ ಎಂದೆ. ಅವರು ಅದನ್ನು ಉದ್ಧಟತನವೆಂದು ದಾಖಲಿಸಿಕೊಂಡರು.